ಈ ವಾರದಾಗ ಇರುವಿ ಇಲ್ಲ

ನಮ್ಮ ಅಡುಗೆಮನೆಯ ಮೊಳೆಗೆ ಒಂದು ಸೆಣಬಿನ ಚೀಲ ತೂಗುತ್ತದೆ. ಒಳಗೆ ಬಳ್ಳೊಳ್ಳಿ ಇದೆ. ಹೊರಗೆ ಹಸಿರು ಅಕ್ಷರದಲ್ಲಿ ‘ಮಗು ಕೇಂದ್ರಿತ, ವಿಚಾರಣಾ ಆಧಾರಿತ ಕಲಿಕೆ: ಮೂರು ದಿನಗಳ ತರಬೇತಿ’ ಎಂದು ಅಚ್ಚು ಹಾಕಿದ್ದಾರೆ. ಐದು ತಿಂಗಳು ಎಣ್ಣೆಗೈ ತಾಗಿ ತಾಗಿ ‘ಮಗು’ ಅಳಿಸಿಹೋಗಿದೆ. ‘ವಿಚಾರಣಾ’ ಮಾತ್ರ ಹಾಗೇ ಉಳಿದಿದೆ. ದಿನಾ ಬೆಳಿಗ್ಗೆ ಒಗ್ಗರಣೆಗೆಂದು ಅದರೊಳಗೆ ಕೈ ಹಾಕಿದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟೆಲ್ಲ ಬಳ್ಳೊಳ್ಳಿಯ ಮೇಲೆ ಹೋಗುತ್ತದೆ. ನಾಲ್ಕು ಎಸಳು ಜಜ್ಜುವಲ್ಲಿ ಎಂಟು ಜಜ್ಜಿರುತ್ತೇನೆ. “ಇವತ್ತೂ ಚೀಲಾ ಓದಿದೇನು?” ಎಂದು ನಮ್ಮ ಯಜಮಾನರು ಸಾರಿನ ವಾಸನೆಯಿಂದಲೇ ಕಂಡುಹಿಡಿಯುತ್ತಾರೆ. ಆ ಚೀಲ ಎಸೆದು ಬೇರೆ ಚೀಲ ಯಾಕೆ ತಗೋಬಾರದು ಎಂದು ನೀವು ಕೇಳಬಹುದು. ಕೇಳಿ. ಕೇಳುವವರೇ ಕಡಿಮೆಯಾಗಿದ್ದಾರೆ, ನೀವಾದರೂ ಕೇಳಿ. ಚೀಲ ಗಟ್ಟಿ ಇದೆ, ಎಸೆಯಲು ಮನಸ್ಸು ಬರುವುದಿಲ್ಲ, ಅಷ್ಟೇ.

ನಾನು ಅಂಗನವಾಡಿ ಟೀಚರು. ಮಿಶ್ರಿಕೋಟಿಯಿಂದ ಸ್ವಲ್ಪ ಆಚೆ ನಮ್ಮೂರು. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೊಂದು ನೋಟೀಸು ಬಂದೀತು. ಇಪ್ಪತ್ತಾರು ವರ್ಷದಿಂದ ಅದೇ ಒಂದು ಕೋಣೆ, ಅದೇ ಅಂಗಳ, ಅದೇ ಸಿಂಟೆಕ್ಸ್ ಟಾಕಿ. ಮೊದಲ ವರ್ಷ ನನ್ನ ಸೆರಗು ಹಿಡಿದು ಅತ್ತವರು ಈಗ ತಮ್ಮ ಮಕ್ಕಳನ್ನು ಕರೆತಂದು ಬಿಟ್ಟು, “ಅಕ್ಕೋರ, ಭಾಳ ಮಾತಾಡ್ತಾನ್ರಿ, ಒಂದ್ಚೂರು ಹೆದರಸ್ರಿ” ಎಂದು ಹೇಳಿ ಗದ್ದೆಗೆ ಹೋಗುತ್ತಾರೆ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಅಕ್ಕೋರ ಮೊದಲ ಕೆಲಸ ಹೆದರಿಸುವುದು, ಎರಡನೆಯದು ಉಪ್ಪಿಟ್ಟು ಹಂಚುವುದು ಎಂದು ಊರ ಮಂದಿ ನಂಬಿಬಿಟ್ಟಿದ್ದಾರೆ. ನಾನೂ ಹೆಚ್ಚುಕಡಿಮೆ ಹಾಗೇ ನಡೆದುಕೊಂಡಿದ್ದೆ ಎಂದು ಒಪ್ಪಿಕೊಳ್ಳಬೇಕು.

ಹಾಗೆ ನೋಡಿದರೆ ನನ್ನಂಥವಳು ಹೆದರಿಸುವ ಅಕ್ಕೋರು ಆದದ್ದೇ ಒಂದು ತಮಾಷೆ. ನಾನು ಹುಟ್ಟಿ ಬೆಳೆದದ್ದು ನವಲಗುಂದದ ಕರಿ ಎರೆ ನಾಡಿನಲ್ಲಿ. ಅಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಯಾಕವ್ವ ಅನ್ನುತ್ತಿದ್ದರು. ಎರೆ ನೆಲ ಬೇಸಿಗೆಯಲ್ಲಿ ಯಾಕ ಬಿರುಕು ಬಿಡುತ್ತದೆ, ಹತ್ತಿಕಾಯಿ ಒಡೆದರೆ ಸಪ್ಪಳ ಯಾಕ ಬರುವುದಿಲ್ಲ, ದೇವರಿಗೆ ಎಡೆ ತೋರಿಸಿ ನಾವೇ ಯಾಕ ತಿನ್ನುತ್ತೇವೆ. ನನ್ನ ಅಜ್ಜಿಗೆ ಸಾಕುಸಾಕಾಗಿತ್ತು. “ನೆಲಾ ಬಿರಕ ಬಿಡೂದು ನಿನ್ನ ಬಾಯಿ ನೋಡೇ ಕಲ್ತೈತಿ” ಎಂದು ಒಂದು ದಿನ ಉತ್ತರ ಕೊಟ್ಟಳು. ನಾನು ಅದನ್ನು ಬಹಳ ದಿನ ನಿಜವೆಂದೇ ತಿಳಿದು, ಬೇಸಿಗೆ ಬಂತೆಂದರೆ ಬಾಯಿ ಮುಚ್ಚಿಕೊಂಡು ಹೊಲದಲ್ಲಿ ಅಡ್ಡಾಡುತ್ತಿದ್ದೆ.

ಕೇಳಬಾರದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ‘ಎಲ್ಲಿಗೆ?’. ನಿಮಗೂ ಗೊತ್ತಿದ್ದದ್ದೇ. ಹೊರಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ತೀರ ಕೇಳಲೇಬೇಕಿದ್ದರೆ “ದೂರ ಹೊಂಟೀರೇನ್ರಿ?” ಅನ್ನಬೇಕು. ಒಮ್ಮೆ ಅಪ್ಪ ಅಂಗಿ ತೊಟ್ಟು, ಕಾಗದದ ಕಟ್ಟು ಬಗಲಲ್ಲಿಟ್ಟುಕೊಂಡು ಹುಬ್ಬಳ್ಳಿ ಬಸ್ಸಿಗೆ ಹೊರಟಿದ್ದ. ನಾನು ಹೊಸ್ತಿಲಲ್ಲಿ ನಿಂತು “ಅಪ್ಪಾ, ಎಲ್ಲಿಗೆ?” ಅಂದೆ. ಅಪ್ಪ ಅಲ್ಲೇ ತಿರುಗಿದ, ಚಪ್ಪಲಿ ಬಿಟ್ಟ, ಕಟ್ಟೆಯ ಮೇಲೆ ಕೂತ, ನೀರು ಕೇಳಿ ಕುಡಿದ, ಮತ್ತೆ ಚಪ್ಪಲಿ ಮೆಟ್ಟಿ ಹೊರಟ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಕೆಲಸ ಆಗಲಿಲ್ಲ. ಎಲ್ಲಿಗೆ ಎಂದದ್ದಕ್ಕೇ ಆಗಲಿಲ್ಲ ಎಂದು ಅಜ್ಜಿ ನನ್ನ ತಲೆಗೊಂದು ಮೊಟಕಿದಳು. ನೀರು ಕುಡಿಯುತ್ತ ಕೂತದ್ದಕ್ಕೆ ಬಸ್ಸು ತಪ್ಪಿತಲ್ಲ ಎಂದು ನಾನು ಹೇಳಿದ್ದಕ್ಕೆ ಇನ್ನೊಂದು ಮೊಟಕಿದಳು.

ನನ್ನ ‘ಯಾಕ’ಗೆ ಸಿಟ್ಟಾಗದವರು ಇದ್ದದ್ದು ಬಾಜೂ ಮನೆಯಲ್ಲಿ. ಹಸೀನಾ ಚಾಚಿ. ಮಗ್ಗದ ಮುಂದೆ ಕೂತು ಜಮಖಾನೆ ನೇಯುತ್ತಿದ್ದರು. ಸಾಲಿ ಬಿಟ್ಟ ಮೇಲೆ ನಾನು ಅವರ ಹಿಂದೆ ಹೋಗಿ ಕೂಡುತ್ತಿದ್ದೆ. ಒಂದು ದಿನ ಜಮಖಾನೆಯ ಮೇಲಿನ ನವಿಲು ನೋಡಿ, “ಚಾಚಿ, ನಿಮ್ಮ ನವಿಲಿಗೆ ಕಾಲ ಯಾಕ ಇಷ್ಟ ಸಣ್ಣವು?” ಎಂದು ಕೇಳಿದೆ. ಚಾಚಿ ನೂಲು ನನ್ನ ಕೈಗೆ ಕೊಟ್ಟು, “ನೀನ ದೊಡ್ಡವು ಮಾಡಿ ನೋಡವಾ” ಎಂದರು. ಮಾಡಿದೆ. ನವಿಲು ಕೋಳಿಯಾಯಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು, ಆಮೇಲೆ ಬಿಚ್ಚಿದೆವು. ನವಿಲಿನ ಕಾಲು ಸಣ್ಣದೇ ಯಾಕಿರಬೇಕು ಎಂಬುದು ಅವತ್ತು ತಿಳಿದದ್ದು ಇವತ್ತಿಗೂ ಮರೆತಿಲ್ಲ. ಚಾಚಿ ಯಾವ ತರಬೇತಿಗೂ ಹೋಗಿರಲಿಲ್ಲ.

ಆಮೇಲೆ ಮದುವೆ, ಕೆಲಸ, ಮೇಲಿನವರು, ಅವರ ಮೇಲಿನವರು. ಇಪ್ಪತ್ತಾರು ವರ್ಷದಲ್ಲಿ ಯಾಕವ್ವ ಹೋಗಿ ಹೌದ್ರಿಯವ್ವ ಆದೆ. ಮೊಬೈಲಿನಲ್ಲಿ ಮಕ್ಕಳ ತೂಕ ಹಾಕಿ, ಹೌದ್ರಿ. ಉಪ್ಪಿಟ್ಟಿನ ಫೋಟೋ ಕಳಿಸಿ, ಹೌದ್ರಿ. ನೆಟ್‌ವರ್ಕ್ ಇಲ್ಲದಿದ್ದರೂ ಕಳಿಸಿ, ಹೌದ್ರಿ. ಒಮ್ಮೆ ಸುಪರ್ವೈಜರ್ ಮೇಡಂ ಫೋನಿನಲ್ಲಿ ಏನೋ ಕೇಳುತ್ತಿದ್ದಾಗ ಲೈನು ಕಟ್ಟಾಗಿ ಐದು ನಿಮಿಷವಾಗಿತ್ತಂತೆ. ನಾನಿನ್ನೂ ಹೌದ್ರಿ ಹೌದ್ರಿ ಅನ್ನುತ್ತಿದ್ದೆ ಎಂದು ನಮ್ಮ ಸಹಾಯಕಿ ಫಕೀರವ್ವ ಇವತ್ತಿಗೂ ಆಡಿಕೊಂಡು ನಗುತ್ತಾಳೆ.

ಹೀಗಿರುವಾಗ ದಸರೆ ಮುಗಿದ ಮೇಲೆ ಈ ತರಬೇತಿ ಬಂತು. ತಾಲೂಕಿನ ಅಂಗನವಾಡಿ ಟೀಚರುಗಳೆಲ್ಲ ಒಂದು ಸಭಾಭವನದಲ್ಲಿ ಸೇರಿದೆವು. ಬಾಗಿಲಲ್ಲೇ ಚೀಲ ಕೊಟ್ಟರು. ನನ್ನ ಪಕ್ಕ ತಂಬೂರ ಎಂಬ ಊರ ಕಡೆಯ ಮಾಬೂಬಿ ಟೀಚರ್ ಕೂತಿದ್ದಳು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಬ್ಬರ ತಲೆನೋವಿನ ಮಾತ್ರೆ ಇನ್ನೊಬ್ಬರ ಪರ್ಸಿನಲ್ಲಿರುವಷ್ಟು ಹಳಬರು. ಮಾಬೂಬಿ ಚೀಲ ತಿರುವಿ ತಿರುವಿ ಓದಿದಳು.

“ವಿಚಾರಣಾ ಅಂದ್ರ ಪೊಲೀಸ್ ಸ್ಟೇಶನ್ದಾಗ ಮಾಡ್ತಾರಲ್ಲ, ಅದ ಏನವಾ?”

“ಇಲ್ಲ ಬೇ. ಹುಡುಗ್ರು ತಾವ ಕೇಳಿ, ತಾವ ನೋಡಿ ಕಲಿಯೂದಂತ.”

“ಹಂಗಾರ ಕೇಳಿ ಕಲಿಯೂದು ಅಂತ ಬರೀಬೇಕಿಲ್ಲ? ಇದನ್ನ ಹಾಕ್ಕೊಂಡು ಬಸ್ ಹತ್ತಿದ್ರ, ಯಾವ ಕೇಸಿನ ಮ್ಯಾಲೆ ಹೊಂಟೀರಿ ಅಂತ ಕೇಳ್ತಾರ ಮಂದಿ.”

ಅವಳು ಇದನ್ನೇ ಕೇಳೋಣವೆಂದು ಕೈ ಎತ್ತಿದಳು. ಸಂಪನ್ಮೂಲ ವ್ಯಕ್ತಿ ಎಂದು ಬಂದವರು ನಮ್ಮ ಮಕ್ಕಳ ವಯಸ್ಸಿನ ಹುಡುಗ, ಒಳ್ಳೆಯವರೇ, ಬೆಂಗಳೂರಿನ ಕನ್ನಡ. “ಪ್ರಶ್ನೆಗಳನ್ನೆಲ್ಲ ಕೊನೆಯಲ್ಲಿ ತೆಗೆದುಕೊಳ್ಳೋಣ ಮೇಡಂ, ಬರೆದಿಟ್ಟುಕೊಳ್ಳಿ” ಎಂದರು. ಮಗು ಖಾಲಿ ಕೊಡವಲ್ಲ, ಅದರೊಳಗೆ ಸುರಿಯಬೇಡಿ ಎಂದು ಹೇಳಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆ ತನಕ ನಮ್ಮೊಳಗೆ ಸುರಿದರು. ಮಗುವನ್ನು ಒಂದೇ ಕಡೆ ಕೂಡಿಸಬೇಡಿ ಎಂದು ಹೇಳುವುದನ್ನು ನಾವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿದುಹೋಗುವ ತನಕ ಕೇಳಿದೆವು. ಊಟವಾದ ಮೇಲೆ ತೂಕಡಿಕೆ ಬರಬಾರದೆಂದು ನಮ್ಮನ್ನು ಎಬ್ಬಿಸಿ ಕಪ್ಪೆಯ ಹಾಗೆ ಕುಪ್ಪಳಿಸಲು ಹಚ್ಚಿದರು. ಮಂಡಿ ನೋವಿನ ಐವತ್ತು ಕಪ್ಪೆಗಳು ಆ ಹಾಲಿನಲ್ಲಿ ಕುಪ್ಪಳಿಸಿದ್ದು ನೀವು ನೋಡಬೇಕಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮೂರು ದಿನ ಮಾಬೂಬಿ ಪ್ರಶ್ನೆ ಬರೆದಳು. ಹನ್ನೊಂದಾದವು. ಎಲ್ಲವೂ ಕೇಳಬೇಕಾದವೇ. “ಇಪ್ಪತ್ತೆಂಟು ಹುಡುಗ್ರು ಇಪ್ಪತ್ತೆಂಟು ಥರಾ ಕೇಳಿದ್ರ, ಆವಾಗ ರಜಿಸ್ಟರ್ ಯಾರ ಬರೀಬೇಕ್ರಿ?” ಎನ್ನುವುದು ಆರನೆಯದು. ಮೂರನೇ ದಿನ ಸಂಜೆ ಕೊನೆಯೆಂಬುದು ಬಂತು. ಆದರೆ ಆಗ ಗ್ರೂಪ್ ಫೋಟೋ ಇತ್ತು, ಸರ್ಟಿಫಿಕೇಟ್ ಇತ್ತು, ಚಹಾ ಆರುತ್ತಿತ್ತು. ಮಾಬೂಬಿ ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡು ತಂಬೂರ ಕಡೆಯ ಬಸ್ಸು ಹತ್ತಿದಳು.

ಇಷ್ಟೆಲ್ಲ ಆಡಿಕೊಳ್ಳುತ್ತಿದ್ದೇನೆ, ಆದರೆ ಒಂದು ಮಾತು ಮುಚ್ಚಿಡಬಾರದು. ನಾನು ಆ ಮಾತನ್ನೆಲ್ಲ ನಂಬಿದೆ. ಎರಡನೇ ದಿನ ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು: ಕೆಸರಿನ ಹೊಂಡದ ಮುಂದೆ ಕುಕ್ಕರುಗಾಲಲ್ಲಿ ಕೂತ ಒಂದು ಮಗು. ಕೆಳಗೆ, ‘ಮಗು ಕೇಳಿದ ಪ್ರಶ್ನೆಯೇ ಆ ದಿನದ ಪಾಠ’. ನನಗೆ ಕಣ್ಣಲ್ಲಿ ನೀರು ಬಂತು. ಮಾಬೂಬಿ, ಫ್ಯಾನಿನ ಗಾಳಿಗೆ ಧೂಳು ಬಿತ್ತೇನು ಎಂದು ಕೇಳಿದಳು. ಹೂಂ ಅಂದೆ. ನಿಜ ಹೇಳಬೇಕೆಂದರೆ, ಆ ಹೊಂಡದ ಮುಂದೆ ಕೂತದ್ದು ಯಾಕವ್ವನೇ ಎಂದು ಅನ್ನಿಸಿತ್ತು. ಇಪ್ಪತ್ತಾರು ವರ್ಷ ನಾನು ಎಷ್ಟು ಯಾಕವ್ವರ ಬಾಯಿ ಮುಚ್ಚಿಸಿದ್ದೇನೋ ಎಂದು ಲೆಕ್ಕ ಹಾಕಲು ಹೋಗಿ, ಹೆದರಿ ಬಿಟ್ಟೆ. ಊರಿಗೆ ಬರುವಾಗ ಬಸ್ಸಿನಲ್ಲಿ, ನಾಳೆಯಿಂದ ಬೇರೆ ಅಕ್ಕೋರು ಆಗುತ್ತೇನೆ ಎಂದು ಸಣ್ಣ ಹುಡುಗಿಯ ಹಾಗೆ ನಿಶ್ಚಯ ಮಾಡಿಕೊಂಡೆ.

ಆಗ ನಮ್ಮಲ್ಲಿ ಸಾವಕ್ಕ ಎಂಬ ಹುಡುಗಿ ಬರುತ್ತಿದ್ದಳು. ಈಗಲೂ ಬರುತ್ತಾಳೆ. ಐದು ತುಂಬಿದೆ. ತಾಯಿ ಯಲ್ಲವ್ವ ಬೇರೆಯವರ ಹೊಲಗದ್ದೆಗೆ ಕೂಲಿಗೆ ಹೋಗುವಾಕೆ. ಸಾವಕ್ಕ ಅಂಗನವಾಡಿಗೆ ಬಂದು ಎಂಟು ತಿಂಗಳಾಗಿದ್ದರೂ ಒಂದು ಮಾತು ಆಡಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಉಪ್ಪಿಟ್ಟು ಬೇಕಾದರೆ ತಾಟು ಮುಂದೆ ಸರಿಸುವಳು. ಮನೆಯಲ್ಲೂ ಹಾಗೇ. ಯಲ್ಲವ್ವ ಅವಳನ್ನು ಹುಬ್ಬಳ್ಳಿಗೆ ಒಯ್ದು ಕಿವಿ ತೋರಿಸಿದ್ದಳು. ಕಿವಿ ಚೆನ್ನಾಗಿದೆ, ನಾಲಗೆ ಚೆನ್ನಾಗಿದೆ, ಕಾಯಿರಿ ಎಂದರಂತೆ. “ಎಲ್ಲೀ ತನಕ ಕಾಯೂದ್ರಿ ಅಕ್ಕೋರ? ಬರೂ ಜೂನದಾಗ ಸಾಲಿಗೆ, ಒಂದನೆತ್ತಕ್ಕ ಹಚ್ಚಬೇಕು. ಮಾತಾಡಲಿಲ್ಲಂದ್ರ ಮೂಕಿ ಅಂತ ಹಿಂದಿನ ಸಾಲಿನ್ಯಾಗ ಕುಂಡ್ರಿಸಿ ಮರತ ಬಿಡ್ತಾರ” ಎಂದು ನನ್ನ ಮುಂದೆ ಅತ್ತಿದ್ದಳು. ಅದು ಸುಳ್ಳಲ್ಲ. ಹಾಗೆ ಕೂಡಿಸಿ ಮರೆತ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ತರಬೇತಿಯಿಂದ ಬಂದ ಮೂರನೆಯ ದಿನ. ಮಕ್ಕಳು ತಿಂದ ಉಪ್ಪಿಟ್ಟಿನ ಕಾಳು ಅಂಗಳದಲ್ಲಿ ಬಿದ್ದು, ಗೋಡೆಯ ಬಿರುಕಿನಿಂದ ಇರುವೆ ಸಾಲು ಹೊರಟಿತ್ತು. ಸಾವಕ್ಕ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮೊದಲಿನ ನಾನಾಗಿದ್ದರೆ ಇರುವೆ ಕಡಿಯುತ್ತದೆ ಏಳು ಅನ್ನುತ್ತಿದ್ದೆ. ಈಗ ಹೊಸ ಅಕ್ಕೋರಲ್ಲವೇ, ಸುಮ್ಮನೆ ಹೋಗಿ ಬಾಜೂ ಕೂತೆ. ಎಷ್ಟೋ ಹೊತ್ತು ಇಬ್ಬರೂ ನೋಡಿದೆವು. ಒಮ್ಮೆಲೇ ಸಾವಕ್ಕ, ನನ್ನ ಕಡೆ ತಿರುಗದೆ, ಒಡೆದ ದನಿಯಲ್ಲಿ ಕೇಳಿದಳು:

“ಅಕ್ಕೋರ, ಎಲ್ಲಾಕಿಂತ ಮುಂದಿನ ಇರುವಿಗೆ ಹಾದಿ ಯಾರ ಹೇಳ್ಯಾರ್ರಿ?”

ಒಳಗೆ ಸೌಟು ಹಿಡಿದಿದ್ದ ಫಕೀರವ್ವ ಸೌಟು ಸಮೇತ ಬಾಗಿಲಿಗೆ ಬಂದು ನಿಂತಳು. ನಾನು ಇರುವೆಯ ಮೇಲಿನ ಕಣ್ಣು ತೆಗೆಯದೆ, “ನನಗೂ ಗೊತ್ತಿಲ್ಲವಾ. ಇಬ್ರೂ ಕೂಡಿ ನೋಡೂಣು?” ಎಂದೆ. ಹಿಂದಿನವಕ್ಕೆ ಮುಂದಿನದು ಹಾದಿ ತೋರಿಸುತ್ತದೆ, ಸರಿ, ಮುಂದಿನದಕ್ಕೆ ಯಾರು? ಐವತ್ತು ದಾಟಿದ ನನಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ಆ ವಾರವೆಲ್ಲ ಇರುವೆಯೇ ಪಾಠ. ಸಕ್ಕರೆ ಇಟ್ಟು ನೋಡಿದೆವು, ಉಪ್ಪು ಇಟ್ಟು ನೋಡಿದೆವು. ಸಾಲಿನ ನಡುವೆ ಸಾವಕ್ಕ ಬೆರಳಿನಿಂದ ನೆಲ ಉಜ್ಜಿದಳು; ಇರುವೆಗಳು ಅಲ್ಲಿಗೆ ಬಂದು ದಿಕ್ಕುತಪ್ಪಿ ಸುತ್ತತೊಡಗಿದವು. “ಹಾದಿ ಅಳಿಸೇತ್ರಿ!” ಎಂದು ಕೂಗಿದಳು. ಮರುದಿನ ಬಂದವಳೇ, “ನೆಲಕ್ಕ ವಾಸನಿ ಇರಬೇಕ್ರಿ” ಎಂದಳು. ರಾತ್ರಿಯೆಲ್ಲ ಅದನ್ನೇ ಯೋಚಿಸಿರಬೇಕು. ವಾಸನೆ ಇದೆಯೋ ಇಲ್ಲವೋ ಮೂಸಿ ನೋಡಿದ ಹೊರತು ಹೇಗೆ ಗೊತ್ತಾಗಬೇಕು? ಹನ್ನೊಂದು ಮಕ್ಕಳು ಅಂಗಳದಲ್ಲಿ ಬೋರಲು ಮಲಗಿ ನೆಲಕ್ಕೆ ಮೂಗು ಹಚ್ಚಿದರು. ನಾನೂ ಮಂಡಿಯೂರಿ ಮೂಗು ಹಚ್ಚಿದೆ.

ಸುಪರ್ವೈಜರ್ ಮೇಡಂ ಜೀಪಿನಿಂದ ಇಳಿದದ್ದು ಅದೇ ಹೊತ್ತಿಗೆ. ಅವರಿಗೆ ಮೊದಲು ಕಂಡದ್ದು ನನ್ನ ಮುಖವಲ್ಲ ಎಂಬುದಷ್ಟನ್ನು ಹೇಳಿದರೆ ಸಾಕು. ತರಬೇತಿಯಲ್ಲಿ ಅವರು ಮೊದಲ ಸಾಲಿನಲ್ಲೇ ಕೂತಿದ್ದರು. ಹೆಗಲ ಮೇಲೆ ಅದೇ ಹಸಿರು ಅಕ್ಷರದ ಚೀಲ.

“ಏನ್ ನಡದೈತ್ರಿ ಇದು? ಈ ವಾರದ ವಿಷಯ ಏನು?”

ಸೀರೆಗೆ ಹತ್ತಿದ ಮಣ್ಣು ಕೊಡವುತ್ತ, “ವಾಹನಗಳು ರೀ ಮೇಡಂ” ಎಂದೆ. ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಹಾಗೇ ಇತ್ತು. ಬಸ್ಸು, ಟ್ರ್ಯಾಕ್ಟರು, ರೈಲು ಇರುವ ಚಾರ್ಟು ಒಳಗೆ ಸುರುಳಿ ಸುತ್ತಿಕೊಂಡು ನಿಂತಿತ್ತು.

“ಇರುವಿ ಯಾವ ವಾಹನ?”

ನಾನು ಬಾಯಿ ತೆರೆಯುವ ಮೊದಲೇ ನೆಲದಿಂದ ಸಾವಕ್ಕನ ದನಿ ಬಂತು: “ಅದು ಸಕ್ರಿ ಹೊರತೈತ್ರಿ.”

ಇದಕ್ಕಿಂತ ಚಲೋ ಉತ್ತರ ಯಾರಾದರೂ ಕೊಡಬಹುದಿತ್ತೇ, ನೀವೇ ಹೇಳಿ. ಎಂಟು ತಿಂಗಳು ಬಾಯಿ ಬಿಡದ ಕೂಸು, ಗುರುತಿಲ್ಲದ ದೊಡ್ಡ ಮೇಡಮ್ಮಿಗೆ, ಹೆದರದೆ ಹೇಳಿದ್ದು. ಮೇಡಂ ಅವಳ ಕಡೆ ತಿರುಗಿದರು. “ನಿನ್ನ ಯಾರ ಕೇಳ್ಯಾರ? ದೊಡ್ಡವರು ಮಾತಾಡೂಮುಂದ ನಡಕ ಬಾಯಿ ಹಾಕ್ತಿಯೇನ? ಬಾಯಿ ಮ್ಯಾಲೆ ಬಟ್ಟಿಡು!” ಸಾವಕ್ಕ ಎದ್ದು ಕೂತು ತುಟಿಯ ಮೇಲೆ ಬೆರಳಿಟ್ಟಳು. ಬೆರಳ ತುದಿಗೆ ಸಕ್ಕರೆಯಿತ್ತು. ಮೇಡಂ ನನ್ನ ಕಡೆ ನೋಡಿದರು. ನಾನು ಏನಂದೆ ಗೊತ್ತೇ? “ಹೌದ್ರಿ ಮೇಡಂ” ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಸಾವಕ್ಕನ ಕೈ ಹಿಡಿದು ಎಬ್ಬಿಸಿ, “ಈ ವಾರದಾಗ ಇರುವಿ ಇಲ್ಲವಾ, ಒಳಗ ನಡಿ” ಎಂದೆ. ಮೇಡಂ ಆಡಿದ್ದನ್ನು ನಾನು ಇವತ್ತಲ್ಲ ನಾಳೆ ಕ್ಷಮಿಸಬಹುದು. ನಾನು ಆಡಿದ್ದನ್ನು ಕ್ಷಮಿಸಲು ಇನ್ನೂ ಆಗಿಲ್ಲ.

ಎಂಟು ದಿನಕ್ಕೆ ನೋಟೀಸು ಬಂತು. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ‘ಕಾರಣ ಕೇಳಿ ನೋಟೀಸು’ ಎನ್ನುತ್ತಾರೆ. ನಿಗದಿತ ವಾರದ ವಿಷಯವನ್ನು ಕೈಬಿಟ್ಟು, ಮಕ್ಕಳನ್ನು ಬರಿ ನೆಲದ ಮೇಲೆ ಬೋರಲು ಮಲಗಿಸಿ, ಕ್ರಿಮಿಕೀಟಗಳನ್ನು ಮೂಸಲು ಪ್ರೇರೇಪಿಸಿದ ಬಗ್ಗೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು? ವಿಚಾರಣೆಗೆ ಇಂಥ ದಿನ ಹಾಜರಾಗತಕ್ಕದ್ದು. ಮಾಬೂಬಿಗೆ ಫೋನು ಮಾಡಿ ಓದಿ ಹೇಳಿದೆ. “ನಾ ಅವತ್ತ ಹೇಳಿದ್ದಿಲ್ಲ, ಅದು ಪೊಲೀಸ್ ವಿಚಾರಣಾನ ಅಂತ?” ಎಂದಳು. ಇಬ್ಬರೂ ನಕ್ಕೆವು. ಫೋನಿಟ್ಟ ಮೇಲೆ ನಾನು ಅತ್ತೆ.

ಕಾರಣ ಕೇಳ್ಯಾರಲ್ಲ, ಹೇಳೋಣ ಎಂದು ಕೂತು ಮೂರು ಹಾಳೆ ಬರೆದೆ. ಸಾವಕ್ಕನ ಎಂಟು ತಿಂಗಳು ಬರೆದೆ, ಮುಂದಿನ ಇರುವೆಯ ಪ್ರಶ್ನೆ ಬರೆದೆ, ತರಬೇತಿಯ ಕೈಪಿಡಿಯ ಯಾವ ಪುಟದಲ್ಲಿ ಏನಿದೆ ಎಂದು ಬರೆದೆ. ಕಚೇರಿಯಲ್ಲಿ ಸಾಹೇಬರು ಹಾಳೆಗಳನ್ನು ಕೈಯಲ್ಲಿ ತೂಗಿ ನೋಡಿ, “ಇಷ್ಟುದ್ದ ಯಾಕ ಬರದೀರಿ? ಯಾರ ಓದಬೇಕು?” ಎಂದರು. ಅವರು ಕೇಳಿದ ಕಾರಣ ಅದೊಂದೇ. ಬಾಜೂ ಟೇಬಲ್ಲಿನ ಗುಮಾಸ್ತ ಒಳ್ಳೆಯ ಮನುಷ್ಯ, ಒಂದು ಬಿಳಿ ಹಾಳೆ ಮುಂದೆ ಸರಿಸಿದ. “ಅಕ್ಕಾರ, ಎರಡ ಸಾಲ ಸಾಕ್ರಿ. ಪ್ರಮಾದವಾಗಿದೆ, ಇನ್ನು ಮುಂದೆ ಮರುಕಳಿಸುವುದಿಲ್ಲ. ಸಹಿ ಮಾಡ್ರಿ, ಮುಗದ ಹೋತು.” ನಾನು ಮಾಡಿದೆ. ಮೂರು ಹಾಳೆ ಅವರ ಟೇಬಲ್ಲಿನ ಮೇಲೇ ಉಳಿದವು, ಮೇಲೆ ಚಹಾದ ಕಪ್ಪು ಇಟ್ಟಿದ್ದರು.

ಆಮೇಲೆ ವೇಳಾಪಟ್ಟಿಯಂತೆ ನಡೆಯಿತು. ಇದೇನು? ಬಸ್ಸು. ಇದೇನು? ರೈಲು. ಮರುವಾರ ತರಕಾರಿ, ಅದರ ಮರುವಾರ ಹಬ್ಬಗಳು. ಫೋಟೋ ತೆಗೆದೆ, ಕಳಿಸಿದೆ. ಅಂಗಳ ಸ್ವಚ್ಛ ಇಡಬೇಕೆಂದು ಆದೇಶ ಬಂದಿದ್ದರಿಂದ ಫಕೀರವ್ವ ದಿನಾ ಇರುವೆ ಸಾಲು ಗುಡಿಸುತ್ತಿದ್ದಳು. ದಿನಾ ಅವು ಮತ್ತೆ ಬರುತ್ತಿದ್ದವು. “ಇವಕ್ಕ ನೋಟೀಸ್ ಕೊಡಾಕ ಬರಂಗಿಲ್ಲಲ್ರಿ, ಅದಕ್ಕ ಇಷ್ಟ ಸೊಕ್ಕು” ಎಂದು ಅವಳು ಕಸಬರಿಗೆ ಕುಟ್ಟುತ್ತಿದ್ದಳು. ಸಾವಕ್ಕ ಒಳಗೆ ಗೋಡೆಗಾತು ಕೂತಿರುತ್ತಿದ್ದಳು. ಮಾತಿಲ್ಲ. ಎಲ್ಲರೂ ಬಸ್ಸು ಎಂದು ಕೂಗುವಾಗ ತುಟಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ಹೊತ್ತು ಹೋದಂತೆ ಸರಿಯಾಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಹೇಳಿಕೊಳ್ಳುವುದರಲ್ಲಿ ನಾನು ಜಾಣೆ.

ಶಿವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ ಯಲ್ಲವ್ವ ಬುತ್ತಿ ಗಂಟು ಹಿಡಿದುಕೊಂಡು ಬಂದಳು. ಬಾಗಿಲೊಳಗೆ ಬರಲಿಲ್ಲ.

“ಅಕ್ಕೋರ, ಮತ್ತ ಬಾಯಿ ಮುಚ್ಯಾಳ್ರಿ. ದೀಪಾವಳಿ ಮುಂದ ಮನ್ಯಾಗ ಇರುವಿ ಇರುವಿ ಅಂತ ಕಿವಿ ಚಿಟ್ಟ ಹಿಡಸಿದ್ಲು. ನಾ ಎಷ್ಟ ಖುಷಿಯಾಗಿದ್ದೆ. ಇಷ್ಟ ದಿನಾ ಕಾದ ನೋಡಿದ್ನಿರಿ, ಈಗ ಅವ್ವಾ ಅಂತ ಸೈತ ಅನ್ನವಲ್ಲಳು. ಯಾಕ್ರಿ? ಏನಾತ್ರಿ?”

ಇಪ್ಪತ್ತಾರು ವರ್ಷದಲ್ಲಿ ನನಗೆ ಯಾರಾದರೂ ನಿಜವಾಗಿ ಕಾರಣ ಕೇಳಿದ್ದು ಅದೇ ಮೊದಲು. ಈ ಸಲ ಸುಳ್ಳು ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ: ಮೇಡಂ ಬಂದದ್ದು, ಬೈದದ್ದು, ನಾನು ಹೌದ್ರಿ ಅಂದದ್ದು, ಸಹಿ ಮಾಡಿದ್ದು. ಯಲ್ಲವ್ವ ಅಕ್ಷರ ಬಲ್ಲವಳಲ್ಲ. ಬುತ್ತಿ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

“ತಪ್ಪಾತು ಅಂತ ನೀವ ಬರಕೊಟ್ರಿ?”

“ಹೂಂ.”

“ನನ್ನ ಮಗಳು ಮಾತಾಡಿದ್ದು ತಪ್ಪು ಅಂತ?”

ಹಾಗಲ್ಲ ಎಂದು ಹೇಳಲು ಹೋದೆ. ಆದರೆ ಹಾಗೇ ಇತ್ತು. ಯಲ್ಲವ್ವ ಬೈಯಲಿಲ್ಲ, ಅಳಲಿಲ್ಲ. ಹೊತ್ತಾತು ಎಂದು ಹೇಳಿ ಗದ್ದೆಯ ಹಾದಿ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ನನಗೆ ಬಂದ ಸಿಟ್ಟು ಬಳ್ಳೊಳ್ಳಿ ಜಜ್ಜಿ ಹೋಗುವಂಥದ್ದಲ್ಲ. ಮಗು ಕೇಂದ್ರ ಅಂತೆ! ಕೇಂದ್ರದಲ್ಲಿ ವೇಳಾಪಟ್ಟಿ ಇದೆ, ಫೋಟೋ ಇದೆ, ಮೇಡಂ ಇದ್ದಾರೆ, ಮೇಡಮ್ಮಿಗೆ ಹೆದರುವ ನಾನಿದ್ದೇನೆ. ಮಗು ಎಲ್ಲಿದೆ? ಗೋಡೆಗಾತು ಬಾಯಿ ಮುಚ್ಚಿಕೊಂಡು ಕೂತಿದೆ. ಕೇಳಲು ಕಲಿಸಿ ಎಂದು ಮೂರು ದಿನ ಹೇಳಿದವರು, ನಮ್ಮ ಒಂದು ಪ್ರಶ್ನೆಗೂ ಬಾಯಿ ಬಿಡಗೊಡಲಿಲ್ಲ. ಕೇಳಲು ಬಿಡದೆ ಬೆಳೆಸಿದವರನ್ನು ಕೇಳಲು ಕಲಿಸಿ ಎಂದರೆ ಹೇಗೆ ಕಲಿಸಬೇಕು? ಎರಡು ಸಾಲಿನ ಸಹಿಗೆ ನಾನು ಕೊಟ್ಟದ್ದು ನನ್ನ ಮಾನವಲ್ಲ, ಅದು ನನ್ನದು, ಕೊಡಬಹುದಿತ್ತು. ಸಾವಕ್ಕನ ಮಾತು ಕೊಟ್ಟೆ. ಅದು ನನ್ನದಾಗಿರಲಿಲ್ಲ.

ಮಧ್ಯಾಹ್ನ ಮಕ್ಕಳನ್ನು ಕಳಿಸಿ ಒಂದೇ ಹಾಳೆ ಬರೆದೆ. ಹಿಂದೆ ಪ್ರಮಾದವಾಗಿದೆ ಎಂದು ಬರೆದುಕೊಟ್ಟದ್ದನ್ನು ವಾಪಸು ಪಡೆಯುತ್ತೇನೆ. ಮಗು ಕೇಳಿತು, ನನಗೆ ಉತ್ತರ ಗೊತ್ತಿರಲಿಲ್ಲ, ಇಬ್ಬರೂ ಕೂಡಿ ನೋಡುತ್ತಿದ್ದೆವು. ಅದು ಪ್ರಮಾದವಲ್ಲ. ಆ ಮಗುವಿಗೆ ಬಾಯಿ ಮುಚ್ಚು ಎಂದಾಗ ನಾನು ಅಡ್ಡ ನಿಲ್ಲದಿದ್ದದ್ದು ಪ್ರಮಾದ, ಅದು ಮರುಕಳಿಸುವುದಿಲ್ಲ. ಬಸ್ಸು ಹತ್ತಿ ಹೋಗಿ ಕಚೇರಿಯಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಸಿಕ್ಕಾ ಒತ್ತಿಸಿಕೊಂಡೆ. ಅದೇ ಗುಮಾಸ್ತ ಓದಿ, ಕನ್ನಡಕ ತೆಗೆದು, “ಅಕ್ಕಾರ, ತಲಿ ಕೆಟ್ಟೈತೇನ್ರಿ? ಮುಗದದ್ದನ್ನ ಮತ್ತ ಕೆದರತೀರಲ್ಲ, ಮತ್ತ ವಿಚಾರಣಾ ಬರತೈತಿ” ಎಂದ. “ಬರ್ಲಿರಿ” ಎಂದೆ. ಧೈರ್ಯದಿಂದಲ್ಲ, ಎಂದವಳೇ ಅವನು ಇನ್ನೊಂದು ಮಾತು ಆಡುವ ಮೊದಲೇ ಬಸ್ಸಿನ ಹಾದಿ ಹಿಡಿದೆ. ಮನೆಗೆ ಬಂದು ಯಜಮಾನರಿಗೆ ಹೇಳಿದರೆ, “ಕೆಲಸಾ ಹೋದ್ರ?” ಎಂದರು. ಆ ಹಾಳೆಗೆ ಇನ್ನೂ ಜವಾಬು ಬಂದಿಲ್ಲ.

ಮರುದಿನ ವೇಳಾಪಟ್ಟಿಯಲ್ಲಿ ಹಣ್ಣುಗಳು ಎಂದಿತ್ತು. ಬಾಳೆಹಣ್ಣಿನ ಚಾರ್ಟು ಗೋಡೆಯ ಮೇಲಿರಲಿ ಎಂದು ಬಿಟ್ಟು, ಫಕೀರವ್ವನಿಗೆ ಇವತ್ತು ಅಂಗಳ ಗುಡಿಸಬೇಡ ಎಂದೆ. ಅವಳು ಕಸಬರಿಗೆಯನ್ನು ಹಿತ್ತಲಿಗೇ ಒಯ್ದಿಟ್ಟು ಬಂದಳು. ಗೋಡೆಯ ಹತ್ತಿರ ಸಕ್ಕರೆ ಹಾಕಿ ಮಕ್ಕಳನ್ನು ಕರೆದೆ. ಎಲ್ಲರೂ ಹೋ ಎಂದು ಓಡಿಬಂದರು. ಸಾವಕ್ಕ ಎಲ್ಲರಿಗಿಂತ ಹಿಂದೆ ಬಂದು, ದೂರವೇ ನಿಂತಳು. ಉಳಿದವರು ಬೋರಲು ಮಲಗಿ, ಗದ್ದಲ ಮಾಡಿ, ಬೇಸರವಾಗಿ ಎದ್ದು ಬೇರೆ ಆಟಕ್ಕೆ ಹೋದರು. ಆಗ ಅವಳು ಬಂದು ನನ್ನ ಬಾಜೂ ಕುಕ್ಕರುಗಾಲಲ್ಲಿ ಕೂತಳು. ಒಂದು ಇರುವೆ ತನಗಿಂತ ದೊಡ್ಡ ಸಕ್ಕರೆ ಕಾಳು ಎಳೆದುಕೊಂಡು ಹಿಮ್ಮುಖವಾಗಿ ನಡೆಯುತ್ತಿತ್ತು. ಸಾವಕ್ಕ ಅದನ್ನು ಬಗ್ಗಿ ನೋಡಿದಳು. ಅವಳ ತುಟಿ ಅಲ್ಲಾಡಿತು, ನಿಂತಿತು.

ನಾನು ಇನ್ನೊಂದು ಚಿಟಿಕೆ ಸಕ್ಕರೆ ಹಾಕಿದೆ. ನಡುವೆ ಬಾಯಿ ಹಾಕಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ.

ಸಾವಕ್ಕ ಎದ್ದು ನಿಂತಳು. ಕಂಪೌಂಡಿನ ಆಚೆ ರಸ್ತೆಯನ್ನು ಮೊದಲು ಮಿಶ್ರಿಕೋಟಿಯ ಕಡೆ ನೋಡಿದಳು, ಆಮೇಲೆ ಈ ಕಡೆ ನೋಡಿದಳು. ಯಾವ ಜೀಪೂ ಬರುತ್ತಿರಲಿಲ್ಲ. ಮತ್ತೆ ಕೂತು, ನನ್ನ ಕಿವಿಯ ಹತ್ತಿರ ಬಾಯಿ ತಂದು, ಉಸಿರಿನಷ್ಟೇ ಸಣ್ಣ ದನಿಯಲ್ಲಿ ಹೇಳಿದಳು:

“ಅಕ್ಕೋರ, ಒಂದ ಕೇಳಲೇನ್ರಿ?”